ಇಮಾಂಬಿಯ ಬಲಗೈ

ಅಜ್ಜಂಪುರದ ಪಿಂಜಾರ ಬುಡನ್ ಸಾಬರು ಹಾಸಿಗೆ ಹೊಲಿಯುವವರು, ಹಟಮಾರಿ ಮನುಷ್ಯ. ಫೋಮಿನ ಹಾಸಿಗೆ ಬಂದು ಕಸುಬಿಗೆ ಕಲ್ಲು ಬಿದ್ದರೂ ‘ಹತ್ತಿ ಹತ್ತಿಯೇ’ ಎಂದು ಪಟ್ಟು ಹಿಡಿದು ಕೂತವರು. ಹೆಂಡತಿ ಇಮಾಂಬಿ ಅವರಿಗಿಂತ ಒಂದು ಕೈ ಮೇಲು. ಊರಿನ ಮುಸ್ಲಿಂ ಹೆಂಗಸರಲ್ಲಿ ಯಾರೇ ತೀರಿಕೊಂಡರೂ ಕೊನೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ಹೊದಿಸುತ್ತಿದ್ದವಳು ಆಕೆಯೇ. ನಿಯಮವೆಲ್ಲ ನಾಲಗೆ ತುದಿಯಲ್ಲಿತ್ತು. ಗಂಡನನ್ನು ಅದನ್ನೇ ಹಿಡಿದು ಕಾಡುತ್ತಿದ್ದಳು.

“ನೀವೇ ಮೊದ್ಲು ಹೋಗಿ ಕಣ್ರೀ. ಹೆಂಡ್ತಿ ಗಂಡನ್ನ ತೊಳೀಬೋದು. ನಾನ್ ಮೊದ್ಲು ಹೋದ್ರೆ ನೀವು ಮುಟ್ಟಂಗಿಲ್ಲ, ಬಾಗಿಲಾಚೆ ನಿಂತ್ಕೊಂಡು ಬಾಯಿ ಬಡ್ಕೋಬೇಕು.”

ಸಾಬರು ನಕ್ಕು ಸೂಜಿಗೆ ದಾರ ಪೋಣಿಸುತ್ತಿದ್ದರು. ಆಗ ಯಾರಿಗೆ ಗೊತ್ತಿತ್ತು?

ಮೂರು ವರ್ಷದ ಹಿಂದೆ ಆಕೆಗೆ ಲಕ್ವ ಹೊಡೆಯಿತು. ಬಲಗೈ ಮುಷ್ಟಿ ಕಟ್ಟಿಕೊಂಡಿತು. ಒಳಗೆ ಬೆವರು ಕೊಳೆತು ನಾರುತ್ತಿತ್ತು. ಡಾಕ್ಟರು ಎಳೆಯಬೇಡಿ ಎಂದರು, ಹೇಗೆ ತೆರೆಯಬೇಕೆಂದು ಮಾತ್ರ ಹೇಳಲಿಲ್ಲ. ಸಾಬರು ತಾವೇ ದಾರಿ ಕಂಡುಕೊಂಡರು. ಬೆಚ್ಚಗಿನ ನೀರಲ್ಲಿ ಕೈ ನೆನೆಸಿ, ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿ, ಮೊದಲು ಹೆಬ್ಬೆರಳು ಬಿಡಿಸಿದರೆ ಉಳಿದ ಬೆರಳು ತಾವಾಗಿ ಸಡಿಲವಾಗುತ್ತಿದ್ದವು. ಮಾತು ಹೋದ ಇಮಾಂಬಿ ಆಗ ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತಿದ್ದಳು. ಸಾಬರ ದಿನ ಶುರುವಾಗುತ್ತಿದ್ದುದೇ ಆ ನಿಟ್ಟುಸಿರಿನಿಂದ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಅವರು ನೀರು ಕಾಯಿಸಿ ಬಕೆಟ್ ತರುವಷ್ಟರಲ್ಲಿ ಆಕೆ ಹೋಗಿಬಿಟ್ಟಿದ್ದಳು.

ಮಸೀದಿಯ ಹಜ್ರತರು ಬಂದರು. ಇನ್ನೂ ಮೂವತ್ತು ದಾಟದ ಮೌಲ್ವಿ. ಸಾಬರು ಬಕೆಟ್ ಬಿಟ್ಟು ಏಳಲೇ ಇಲ್ಲ.

“ನಿನ್ನೆವರ್ಗೂ ನಾನೇ ತೊಳ್ದಿದ್ದೀನಿ ಹಜ್ರತ್. ಒಂದ್ ರಾತ್ರೀಲಿ ಹೊರಗಿನೋನಾಗ್ಬಿಟ್ನಾ?”

“ಉಸಿರು ನಿಂತಾಗ್ಲೇ ನಿಕಾಹ್ ಮುಗೀತು ಚಾಚಾ. ಮುಖ ನೋಡ್ಬೋದು, ಹೆಗಲು ಕೊಡ್ಬೋದು, ಮುಟ್ಟಿ ತೊಳೆಯಂಗಿಲ್ಲ. ಬೇರೆ ಪಂಥದ ಇಮಾಮರು ಒಪ್ತಾರೆ, ಆದ್ರೆ ನಾವು ನಡ್ಕೊಂಡು ಬಂದಿರೋ ದಾರಿ ಇದು.” ಹಜ್ರತರು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಹೇಳಿದರು.

ಅವರನ್ನು ಬಯ್ದು ಏನು ಪ್ರಯೋಜನ? ಎಷ್ಟು ಗಂಡಂದಿರಿಗೆ ಇದೇ ಮಾತು ಹೇಳಿ ಇಮಾಂಬಿಯೇ ಬಾಗಿಲಾಚೆ ಅಟ್ಟಿರಲಿಲ್ಲ! ಊರವರ ತಪ್ಪು ಬೇರೆಯೇ. ಆಕೆ ಇದ್ದಾಳಲ್ಲ ಎಂದು ಒಬ್ಬ ಹೆಂಗಸೂ ಆ ಕೆಲಸ ಕಲಿತಿರಲಿಲ್ಲ. ಕೊನೆಗೆ ಆ ಕೆಲಸ ಬಲ್ಲ ಜೈತೂನ್‌ಬಿ ತರೀಕೆರೆಯಿಂದ ಬಸ್ಸು ಹತ್ತಿ ಬರಬೇಕಾಯಿತು. ಆಕೆ ಬರುವ ಹೊತ್ತಿಗೆ ಹನ್ನೊಂದು ದಾಟಿತ್ತು.

ಹಿತ್ತಲಲ್ಲಿ ಸೀರೆ ಕಟ್ಟಿ ಮರೆ ಮಾಡಿದರು. ನೀರು ಬೀಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಳಗಿಂದ ಜೈತೂನ್‌ಬಿಯ ದನಿ ಬಂತು.

“ಬಲಗೈ ಬಿಚ್ತಾ ಇಲ್ವಲ್ಲಾ ಭಾಯಿ?”

ಸಾಬರು ಮರೆಯ ಹತ್ತಿರ ಓಡಿದರು. “ಎಳೀಬೇಡಿ! ಮಣಿಕಟ್ಟು ಒಳಕ್ಕೆ ಬಗ್ಸಿ. ಮೊದ್ಲು ಹೆಬ್ಬೆಟ್ಟು. ಅಂಗಲ್ಲ ತಾಯಿ, ಇಂಗೆ…” ಒಳಗಿದ್ದವರಿಗೆ ಕಾಣದಿದ್ದರೂ ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಬಗ್ಗಿಸಿ ತೋರಿಸುತ್ತಿದ್ದರು. ಒಳಗೆ ಏನೋ ಲಟಕ್ಕೆಂದಿತು. ಸಾಬರು ತಮಗೇ ನೋವಾದಂತೆ ಮುಖ ಕಿವುಚಿದರು.

“ಹಜ್ರತ್, ಆ ಕೈಯೊಂದು… ಬಟ್ಟೆ ಸುತ್ಕೊಂಡು ಬಿಚ್ಚಿಕೊಟ್ಟು ಬಂದ್ಬಿಡ್ತೀನಿ.”

ಹಜ್ರತರು ಅವರ ತೋಳು ಹಿಡಿದುಕೊಂಡರು. “ಒಳಗೆ ಹೆಂಗಸರಿದ್ದಾರೆ ಚಾಚಾ. ಮುಷ್ಟಿಯೊಳಗೆ ನೀರು ಹೋದಷ್ಟು ಹೋಗ್ಲಿ, ಅಲ್ಲಾಹ್ ಒಪ್ಕೊಳ್ತಾನೆ.”

ಅಲ್ಲಾಹ್ ಒಪ್ಪಿಕೊಂಡಾನು. ಸಾಬರಿಗೆ ಒಪ್ಪಿಕೊಳ್ಳಲಾಗಲಿಲ್ಲ. ಆದರೂ ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದರು, ಮತ್ತೇನು ಮಾಡಿಯಾರು?

ಕರ್ಪೂರದ ವಾಸನೆ ಹೊರಬಂತು. ಕಫನ್ ಹೊದಿಸಿ ಮುಖವಷ್ಟೇ ತೆರೆದಿಟ್ಟು ಸಾಬರನ್ನು ಕರೆದರು.

“ಕೈ ಬಿಚ್ತಾ ತಾಯಿ?” ಎಂದು ಕೇಳಿದರು.

ಜೈತೂನ್‌ಬಿ ನೆಲ ನೋಡುತ್ತಾ, “ಹೂಂ ಭಾಯಿ, ಬಿಚ್ತು. ಚೆನ್ನಾಗಿ ತೊಳೆದ್ವಿ,” ಎಂದಳು.

ಬಿಳಿ ಬಟ್ಟೆಯಡಿ, ಬಲಮಗ್ಗುಲಲ್ಲಿ, ಮುಷ್ಟಿ ಗುಂಡಗೆ ಎದ್ದು ಕಾಣುತ್ತಿತ್ತು. ಸಾಬರು ಅದನ್ನೇ ನೋಡುತ್ತಾ ನಿಂತರು.

“ಒಳ್ಳೇದಾಯ್ತು ಕಣಮ್ಮಾ,” ಎಂದರು.