ಎರೆಭೂಮಿಯೂ ನನ್ನ ದವಡೆಯೂ

ಚಕ್ಕುಲಿ ತಿನ್ನುವಾಗ ನನ್ನ ಎಡದವಡೆ ‘ಟಕ್’ ಎನ್ನುತ್ತದೆ. ಎದುರಿಗೆ ಕುಳಿತವರು ಚಕ್ಕುಲಿಯೇ ಮುರಿಯಿತೆಂದು ಭಾವಿಸುತ್ತಾರೆ. ಆ ಭ್ರಮೆಯನ್ನು ಕೆಡಿಸಲು ನಾನು ಹೋಗುವುದಿಲ್ಲ.

ಸವಣೂರಿನಲ್ಲಿ ಕಂಪೌಂಡರನಾದ ನನಗೆ ದವಡೆ ಮುರಿದುಕೊಂಡು ಬಂದವರ ಊರು, ವಾರ, ಕಾರಣಗಳನ್ನು ದಿನಚರಿಯಲ್ಲಿ ಬರೆದಿಡುವ ಚಟ. ಬರೆಯುತ್ತ ಬರೆಯುತ್ತ ಒಂದು ಸಿದ್ಧಾಂತವೇ ಹುಟ್ಟಿತು: ಮನುಷ್ಯ ಹೇಗೆ ಬೀಳಬೇಕೆಂಬುದನ್ನು ಅವನ ನೆಲವೇ ನಿರ್ಧರಿಸುತ್ತದೆ. ಹಾನಗಲ್ಲಿನವರು ಮಾವಿನ ಮರದಿಂದ ಬಿದ್ದವರು, ಇಲ್ಲವೇ ಗದ್ದೆಯ ಬದುವಿನಲ್ಲಿ ಜಾರಿದವರು. ಶಿಗ್ಗಾಂವಿಯವರು ಇಳಿಜಾರಿನಲ್ಲಿ ಚಕ್ಕಡಿ ಮಗುಚಿಕೊಂಡವರು. ಹಿರೇಕೆರೂರಿನವರು ಕೆರೆಯ ಪಾವಟಿಗೆಗಳಿಗೆ ಗದ್ದವೊಡ್ಡಿದವರು. ನಮ್ಮ ಸವಣೂರಿನ ಸಪಾಟಾದ, ಕರಿಮಣ್ಣಿನ ಎರೆಭೂಮಿ ಮಾತ್ರ ಹಾಸಿಟ್ಟ ಜಮಖಾನೆ. ಇಲ್ಲಿ ಎತ್ತು ಒದ್ದರೆ ಉಂಟು, ಬಿದ್ದು ದವಡೆ ಮುರಿದುಕೊಳ್ಳುವುದು ಅಸಾಧ್ಯವೆಂದು ಕೇಳಿದವರಿಗೂ ಕೇಳದವರಿಗೂ ಸಾರುತ್ತಿದ್ದೆ.

ಹಾನಗಲ್ಲಿಗೆ ಕನ್ಯೆ ನೋಡಲು ಹೋಗಬೇಕಿದ್ದ ವಾರದಲ್ಲೇ, ಬೇಸಿಗೆಯ ಹೊಲದ ಹಾದಿಯಲ್ಲಿ, ನನ್ನ ಸೈಕಲ್ಲಿನ ಮುಂದಿನ ಗಾಲಿ ಎರೆನೆಲದ ಬಿರುಕಿನಲ್ಲಿ ಸಿಕ್ಕಿತು. ಸಿದ್ಧಾಂತವೂ ದವಡೆಯೂ ಒಂದೇ ಏಟಿಗೆ ಮುರಿದವು. ಡಾಕ್ಟರು ಗದ್ದದಿಂದ ನೆತ್ತಿಗೆ ಪಟ್ಟಿ ಬಿಗಿದು ಬಾಯಿ ಮುಚ್ಚಿಸಿದರು. ಆಷಾಢ ಹತ್ತಿರವಾಗಿತ್ತು, ಸಂಬಂಧ ತಪ್ಪೀತೆಂದು ಅವ್ವ ನನ್ನನ್ನು ಹಾಗೆಯೇ ಹೊರಡಿಸಿದಳು. ಗೆಳೆಯನ ಮದುವೆಯಲ್ಲಿ ಆ ಹುಡುಗಿಯ ನಗು ಕೇಳಿದ್ದ ನನಗೂ ಅದು ತಪ್ಪುವುದು ಬೇಡವಾಗಿತ್ತು.

ಅವರ ಪಡಸಾಲೆಯಲ್ಲಿ ಚಕ್ಕುಲಿಯ ತಾಟು ಬಂತು. ನಾನು ಬರಿದೆ ಕೈ ಮುಗಿದೆ. ಹುಡುಗಿಯ ಅಜ್ಜಿ ಕಣ್ಣು ಕಿರಿದು ಮಾಡಿದಳು.

“ಹುಡುಗ ಮೂಕ ಏನವಾ?”

“ಇಲ್ರೀ, ಸೈಕಲ್ ಮ್ಯಾಲಿಂದ ಬಿದ್ದಾನ್ರೀ,” ಎಂದಳು ಅವ್ವ.

“ಸವಣೂರಾಗ ಬೀಳಾಕ ಗುಡ್ಡ ಎಲ್ಲೈತಿ? ಯಾರೋ ಹೊಡದಾರ ತಗೀ. ಜಗಳಗಂಟ ಇದ್ದಾನು!”

ನನ್ನದೇ ಸಿದ್ಧಾಂತ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು, ಖಂಡಿಸಲು ಬಾಯಿರಲಿಲ್ಲ. ಅವ್ವ ಸೆರಗು ಸರಿಪಡಿಸಿಕೊಂಡು ಏಳುವ ಹವಣಿಕೆಯಲ್ಲಿದ್ದಳು.

ಅಷ್ಟರಲ್ಲಿ ಬಾಗಿಲ ಬಳಿ ಆ ನಗು ಕೇಳಿಸಿತು.

“ಆಯೀ, ಬ್ಯಾಸಗ್ಯಾಗ ಎರಿ ಹೊಲ ಬಿರದಿರತೈತಿ. ಮಾವನ ಎತ್ತಿನ ಕಾಲು ಅದರಾಗ ಸಿಕ್ಕಿದ್ದು ಮರತಿ ಏನು? ಆ ಎತ್ತೂ ಜಗಳಗಂಟನ?”

ಅಜ್ಜಿಯೂ ನಕ್ಕುಬಿಟ್ಟಳು. ತಾಟು ಒಳಗೆ ಹೋಗಿ, ತೆಳ್ಳಗಿನ ಗಂಜಿ ಹೊರಗೆ ಬಂತು. ಹಲ್ಲುಸಂದಿಯಿಂದ ಅದನ್ನು ಹೀರುತ್ತ ಯೋಚಿಸಿದೆ: ನೆಲ ನಮ್ಮನ್ನು ಬೀಳಿಸುವ ಬಗೆಯನ್ನು ತಾಲೂಕುವಾರು ಬರೆದಿಡಬಹುದು, ಎತ್ತುವ ಕೈ ಯಾವ ತಾಲೂಕಿನಿಂದ ಬರುತ್ತದೆಂದು ಯಾವ ದಿನಚರಿ ಹೇಳೀತು?

ಮದುವೆಯಾದಂದಿನಿಂದ ಆಕೆ ನನಗೆ ಚಕ್ಕುಲಿಯನ್ನು ಮುರಿದೇ ಕೊಡುತ್ತಿದ್ದಳು. ನಿನ್ನೆ ಮಾತ್ರ ಇಡಿಯದನ್ನೇ ಮುಂದಿಟ್ಟಳು.

“ಇನ್ಮ್ಯಾಲ ನೀವ ಮುರ್ಕೋರಿ.”

ಕಚ್ಚಿದೆ. ‘ಟಕ್!’ ಇಬ್ಬರೂ ಉಸಿರು ಹಿಡಿದು ಕಿವಿಗೊಟ್ಟೆವು. ಈ ಸಲ ಮುರಿದದ್ದು ಚಕ್ಕುಲಿಯೇ.