ಕ್ಯಾಸೆಟ್ ಮಾವನ ಕತ್ತಲೆ ಕೋಣೆ

ನಮ್ಮ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ದಿನ ಅವನು ನಮಗೆ ಮೊದಲು ಕಂಡದ್ದು ಬರೀ ಎರಡು ಮೊಣಕಾಲುಗಳಾಗಿ. ಬಾಗಿಲನ್ನು ಯಾರೋ ಹೊರಗಿನಿಂದ ಎಳೆದು ಸರಿಸಿದಾಗ ಮೇಲಿನ ಮಹಡಿಯ ನೆಲ ನಮ್ಮ ಎದೆಮಟ್ಟಕ್ಕಿತ್ತು. ಗ್ರೀಸು ಮೆತ್ತಿದ ನೀಲಿ ಪ್ಯಾಂಟಿನ ಮೊಣಕಾಲುಗಳು ಆ ನೆಲದ ಮೇಲೆ ಒಂದರ ನಂತರ ಒಂದಾಗಿ ಊರಿಕೊಂಡವು. ಮೇಲೆಲ್ಲೋ "ಅಯ್ಯಪ್ಪಾ" ಎಂಬ ನರಳಿಕೆ ಕೇಳಿಸಿತು. ಆಮೇಲೆ ಮುಖ ಬಗ್ಗಿತು.

"ಯಾರೂ ಹೆದರ್ಬೇಡಿ. ಲಿಫ್ಟ್ ಬೀಳಲ್ಲ. ಬಿದ್ರೆ ನಾನೇ ಬೀಳೋದು, ನನ್ನ ಮಂಡಿ ಸರಿಯಿಲ್ಲ."

ಅಳುವ ಹಂತಕ್ಕೆ ಬಂದಿದ್ದ ಹೆಂಗಸೊಬ್ಬಳು ಆ ಮಾತಿಗೆ ನಕ್ಕುಬಿಟ್ಟಳು. ಆದರೆ ಅವನು ಕೈ ಕೊಟ್ಟು ಎಳೆಯುವ ಮೊದಲು ಇನ್ನೊಂದು ಕೆಲಸ ಮಾಡಿದ. ಹೆಗಲ ಚೀಲದಿಂದ ಟವಲಿನಲ್ಲಿ ಸುತ್ತಿದ ಸ್ಟೀಲಿನ ಡಬ್ಬಿಯನ್ನು ತೆಗೆದು, ಯಾರ ಕಾಲಿಗೂ ತಾಗದಂತೆ ಗೋಡೆಯ ಮೂಲೆಗೆ ಒತ್ತಿ ಇಟ್ಟ.

"ಮೊದಲು ಊಟ ಮುಗಿಸ್ಕೊಳ್ಳಿ, ನಾವು ಇಲ್ಲೇ ಇರ್ತೀವಿ," ಎಂದು ಒಳಗಿದ್ದವರಲ್ಲಿ ಒಬ್ಬರು ಚುಚ್ಚಿದರು.

"ಇದು ಊಟ ಆಗಿದ್ರೆ ಇಷ್ಟು ಹುಷಾರಾಗಿ ಇಡ್ತಿರ್ಲಿಲ್ಲ ಸಾರ್."

ಎಲ್ಲರನ್ನೂ ಮೇಲಕ್ಕೆತ್ತಿದ ಮೇಲೆ ತಾನೇ ಡಬ್ಬಿ ತೆರೆದು ತೋರಿಸಿದ. ಟಿವಿಗೆ ಸಿಕ್ಕಿಸಿ ಆಡುವ ಹಳೆಯ ಕಾಲದ ವಿಡಿಯೋ ಗೇಮಿನ ಕ್ಯಾಸೆಟ್ಟು ಅದು. ಮೇಲೆ ಬಣ್ಣದ ಚಿತ್ರವಿಲ್ಲ. ಪ್ಲಾಸ್ಟಿಕ್ ಕವಚ ಒಡೆದು, ಒಳಗಿನ ಹಸಿರು ಹಲಗೆ ಅರ್ಧ ಕಾಣುತ್ತಿತ್ತು. ಹಲಗೆಯ ಮೇಲೆ ಗೇಮನ್ನು ನೆನಪಿಟ್ಟುಕೊಳ್ಳುವ ಕರಿಯ ಚಿಪ್ಪೊಂದು, ಅದರ ನೆತ್ತಿಗೆ ಅಂಟಿಸಿದ ಬಿಳಿಯ ಚೀಟಿ, ಚೀಟಿಯ ಮೇಲೆ ಪೆನ್ನಿನಲ್ಲಿ ಗೀಚಿದ ಎರಡು ಅಕ್ಷರ. ಬೆಳಿಗ್ಗೆ ಗುಜರಿ ಅಂಗಡಿಯವನ ಮೂಟೆಯಲ್ಲಿ ಸಿಕ್ಕಿತಂತೆ. ಹಸುಗೂಸನ್ನು ತೋರಿಸುವ ತಂದೆಯ ಹಾಗೆ ಎರಡು ಕ್ಷಣ ತೋರಿಸಿ ಮುಚ್ಚಿಬಿಟ್ಟ. "ಬೆಳಕು ಆಗಲ್ಲ ಇದಕ್ಕೆ," ಎಂದ.

ಇದು ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಆಗಲೇ ಅವನಿಗೆ ನಲವತ್ತು ದಾಟಿತ್ತು. ಚಿಕ್ಕಂದಿನಲ್ಲಿ ಗೇಮು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದರಲ್ಲಿ, ಆಡುವವರ ಬೆನ್ನ ಹಿಂದೆ ನಿಂತು ನೋಡಿಯೇ ಬೆಳೆದವನು. ಕೈಗೆ ಸಂಬಳ ಬಂದ ಮೇಲೆ ಮೊದಲು ಸಾಮಾನ್ಯ ಕ್ಯಾಸೆಟ್ಟುಗಳನ್ನು ಕೊಂಡ. ಆಮೇಲೆ ಅಪರೂಪದವು. ಕಡೆಗೆ ಪ್ರೋಟೋಟೈಪುಗಳ ಹುಚ್ಚು ಹತ್ತಿತು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚಾಗುವ ಮೊದಲು, ಗೇಮು ಹೇಗೆ ಬಂದಿದೆಯೆಂದು ನೋಡಲು ತಯಾರಕರು ಕೈಯಾರೆ ಒಂದೆರಡು ಮಾಡಿಕೊಳ್ಳುತ್ತಾರಲ್ಲ, ಅವು. ಎಷ್ಟೋ ಗೇಮುಗಳು ಆ ಒಂದೆರಡರಲ್ಲೇ ಹುಟ್ಟಿ ಅಲ್ಲೇ ಮುಗಿದುಹೋಗಿವೆ. ಅವನ ಬೀದಿಯ ಮಕ್ಕಳು ಅವನನ್ನು ಕ್ಯಾಸೆಟ್ ಮಾವ ಎಂದು ಕರೆಯತೊಡಗಿ, ಆ ಹೆಸರು ಹೆಂಡತಿಯ ತವರಿನವರ ಬಾಯಿಗೂ ಹತ್ತಿತು.

ಊರಿನವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸುವ ಈ ಮೆಕ್ಯಾನಿಕ್ಕಿನ ಮನೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ. ಹೆಂಡತಿ ಪರದೆ ಹೊಲಿಯುವವಳು. ಅಂಗಡಿಯಿಂದ ಬಟ್ಟೆಯ ಸುರುಳಿಗಳನ್ನು ಹೊತ್ತು ಮೇಲೆ ತಂದು, ಹೊಲಿದು, ಮತ್ತೆ ಹೊತ್ತು ಇಳಿಸಬೇಕು. ಬೆಳಕು ಚೆನ್ನಾಗಿದ್ದ ಕೋಣೆಯಲ್ಲಿ ಅವಳ ಮಿಷನ್ನು ಇತ್ತು. ಗುಜರಿಯ ಕ್ಯಾಸೆಟ್ಟು ಬಂದ ವಾರವೇ, ಅದಕ್ಕೆ ಅಡುಗೆಯ ಹಬೆ ತಾಗಬಾರದೆಂದು, ಮಿಷನ್ನು ಅಡುಗೆಮನೆಯ ಬದಿಯ ಕೋಣೆಗೆ ಹೋಯಿತು. ಬೆಳಕಿನ ಕೋಣೆಗೆ ಎರಡು ಪದರದ ಕಪ್ಪು ಪರದೆ ಬಿತ್ತು. ಅದನ್ನು ಹೊಲಿದವಳೂ ಅವಳೇ.

ಕಾರಣ ಇಷ್ಟೇ. ಪ್ರೋಟೋಟೈಪಿನ ಚಿಪ್ಪಿನ ನೆತ್ತಿಯಲ್ಲಿ ಒಂದು ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಹಳೆಯದನ್ನು ಅಳಿಸಿ ಹೊಸದನ್ನು ತುಂಬಬೇಕಾದಾಗ ಆ ಕಿಟಕಿಯ ಮೂಲಕ ವಿಶೇಷ ಬೆಳಕು ಬಿಡುತ್ತಾರೆ. ಬಿಸಿಲಿಗಿಟ್ಟರೂ ಚಿಪ್ಪು ನಿಧಾನವಾಗಿ ಎಲ್ಲವನ್ನೂ ಮರೆಯುತ್ತದೆ. ಚೀಟಿ ಅಂಟಿಸುವುದು ಅದಕ್ಕೇ, ಕಣ್ಣಿಗೆ ರೆಪ್ಪೆ ಇದ್ದ ಹಾಗೆ.

ಆ ಕ್ಯಾಸೆಟ್ಟನ್ನು ಅವನು ಒಮ್ಮೆಯೂ ಹಾಕಿ ಆಡಲಿಲ್ಲ. ಸಂಗ್ರಹಕಾರರಲ್ಲಿ ಒಂದು ಕಟ್ಟುಪಾಡು ಉಂಟು. ಎಲ್ಲಿಯವರೆಗೆ ಅದರ ನಕಲು ಆಗಿಲ್ಲವೋ, ಯಾರೂ ಅದನ್ನು ಕಂಡಿಲ್ಲವೋ, ಅಲ್ಲಿಯವರೆಗೆ ಅದಕ್ಕೆ ಬೆಲೆ. ಒಂದು ಸಲ ಒಳಗಿನದು ಹೊರಗೆ ಬಂತೆಂದರೆ ಉಳಿಯುವುದು ಪ್ಲಾಸ್ಟಿಕ್ಕು. ಹಾಗಾಗಿ ಅವನು ಕಾದ. ಕೆಲಸದಿಂದ ಬಂದವನೇ ಕಪಾಟು ತೆರೆದು, ಡಬ್ಬಿಯ ಮುಚ್ಚಳ ಎತ್ತಿ, ಇದೆಯೆಂದು ನೋಡಿ ಮುಚ್ಚುವುದು. ಮೊದಮೊದಲು ಅದರಲ್ಲೊಂದು ಸುಖವಿತ್ತು. ಬರುಬರುತ್ತಾ ಬೀಗ ಎಳೆದು ನೋಡುವ ಕಾವಲುಗಾರನ ಕೆಲಸದಂತಾಯಿತು.

ಮಂಡಿಗಳು ಈ ನಡುವೆ ಪೂರಾ ಕೈಕೊಟ್ಟವು. ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ಗೋಡೆಗೆ ಹಣೆ ಕೊಟ್ಟು ನಿಲ್ಲುತ್ತಿದ್ದ. ಹೆಂಡತಿಗೆ ಸೊಂಟ. ಪಕ್ಕದ ಬೀದಿಯಲ್ಲಿ ನೆಲಮಹಡಿಯ ಮನೆಯೊಂದು ಖಾಲಿಯಾಗುವ ಸುದ್ದಿ ಬಂದಾಗ ಅವಳು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಹೋಗಿ ನೋಡಿಕೊಂಡು ಬಂದಳು.

"ಬಾಗಿಲು ತೆಗೆದ್ರೆ ರಸ್ತೆ. ಮೆಟ್ಟಿಲು ಅನ್ನೋದು ಒಂದೇ ಒಂದು, ಅದೂ ಗಿಡ್ಡದು," ಎಂದಳು.

ಅದೇ ಸಮಯಕ್ಕೆ ದೂರದ ಶ್ರೀಮಂತ ಸಂಗ್ರಹಕಾರನೊಬ್ಬ ಫೋನು ಮಾಡಿದ. ಕ್ಯಾಸೆಟ್ಟಿಗೆ ಅವನು ಹೇಳಿದ ಬೆಲೆಯಲ್ಲಿ ಆ ಮನೆ ಕೈಗೆ ಬರುವಂತಿತ್ತು. ಷರತ್ತು ಮೂರು. ನಕಲು ಮಾಡಿರಬಾರದು, ಒಳಗಿನದನ್ನು ಯಾರಿಗೂ ತೋರಿಸಿರಬಾರದು. ಚೀಟಿಯ ಮೇಲಿನ ಅಕ್ಷರ ಗೇಮು ಮಾಡಿದವರದ್ದೇ ಎಂದು ಆ ಕಂಪನಿಯಲ್ಲಿ ಇದ್ದವರು ಯಾರಾದರೂ ಫೋನಿನಲ್ಲಿ ಹೇಳಬೇಕು.

ಹಲಗೆಯ ಮೇಲೆ ಅಚ್ಚಾಗಿದ್ದ ಹೆಸರಿನ ಕಂಪನಿ ಮುಚ್ಚಿ ಮೂವತ್ತು ವರ್ಷದ ಮೇಲಾಗಿತ್ತು. ಅವರಿವರನ್ನು ಕೇಳಿ, ಹತ್ತು ಕಡೆ ಅಲೆದು, ಕಡೆಗೆ ಅವನು ಹೋಗಿ ನಿಂತದ್ದು ಒಂದು ಬಣ್ಣದಂಗಡಿಯ ಮುಂದೆ. ಗೋಡೆಗೆ ಬಳಿಯುವ ಬಣ್ಣವನ್ನು ಗಿರಾಕಿ ಕೇಳಿದ ಹದಕ್ಕೆ ಬೆರೆಸಿಕೊಡುವ ಕೌಂಟರಿನಲ್ಲಿ, ನರೆತ ಕೂದಲಿಗೆ ಕರವಸ್ತ್ರ ಕಟ್ಟಿದ ಹೆಂಗಸೊಬ್ಬಳಿದ್ದಳು. ಅವನು ಡಬ್ಬಿಯ ಮುಚ್ಚಳ ತೆರೆದ. ಅವಳು ಕನ್ನಡಕವನ್ನು ಹಣೆಗೇರಿಸಿ ಬಗ್ಗಿದಳು.

"ನನ್ನ ಅಕ್ಷರಾನೇ. ಆ ವಕ್ರ ಗೆರೆ ನೋಡಿ, ಬಸ್ಸಲ್ಲಿ ಕೂತು ಬರೆದಿದ್ದು." ಕನ್ನಡಕವನ್ನು ಮತ್ತೆ ಮೂಗಿಗಿಳಿಸಿ, "ಹಾಕಿ ನೋಡಿದ್ರಾ?" ಎಂದಳು.

"ಇಲ್ಲಮ್ಮ."

"ಯಾವಾಗಿಂದ ಇದೆ ನಿಮ್ಹತ್ರ?"

ಅವನು ಹೇಳಿದ. ಅವಳು ಬಣ್ಣದ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಮದುವೆ ಮಾಡ್ಕೊಂಡು ಮುಖ ನೋಡದೇ ಇರೋರು ನೀವು."

ಆಮೇಲೆ ಅವಳು ಕೇಳಿದ ಮಾತು ಅವನಿಗೆ ಮನೆ ಸೇರುವವರೆಗೂ ಕಿವಿಯಲ್ಲಿ ಉಳಿಯಿತು. ಆ ಗೇಮಿನಲ್ಲಿ ಓಡಾಡುವ ಪುಟ್ಟ ಮನುಷ್ಯನ ನಡಿಗೆಯನ್ನು ಅವಳು ತನ್ನ ತಮ್ಮನನ್ನು ನಡೆಸಿ ನೋಡಿ ಬಿಡಿಸಿದ್ದಳಂತೆ. ಆಫೀಸಿನ ಉದ್ದಕ್ಕೆ ಅವನನ್ನು ಹೋಗು ಬಾ ಎಂದು ಅಡ್ಡಾಡಿಸಿದ್ದಳು. ಬಲಗಾಲಿನ ಚಪ್ಪಲಿಯನ್ನು ಎಳೆದು ಹಾಕುವುದು ಅವನ ಅಭ್ಯಾಸ. ಗೇಮಿನ ಕೆಲಸ ನಿಂತ ಮರುವರ್ಷ ಅವನು ತೀರಿಕೊಂಡ. ಫೋಟೋಗಳಿವೆ, ಎಲ್ಲದರಲ್ಲೂ ಕೂತಿದ್ದಾನೆ.

"ನಡೆಯೋದು ಇದರೊಳಗೆ ಮಾತ್ರ ಇರೋದು. ಒಂದ್ಸಲ ನೋಡೋಕಾಗುತ್ತಾ?"

ಅವನು ಷರತ್ತುಗಳನ್ನು ಹೇಳಿದ. ನೆಲಮಹಡಿಯ ಮನೆಯನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಸ್ವರ ತಗ್ಗಿತು. ಅವಳು ಬೇಸರಪಡಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. "ಹಾಗಾದ್ರೆ ಮಾರಿಬಿಡಿ. ಅಕ್ಷರ ನನ್ದೇ ಅಂತ ನಾನು ಫೋನಲ್ಲಿ ಹೇಳ್ತೀನಿ. ಮಂಡಿ ಮುಖ್ಯ," ಎಂದು ಮುಂದಿನ ಗಿರಾಕಿಯ ಡಬ್ಬಕ್ಕೆ ಹಳದಿ ಸುರಿಯತೊಡಗಿದಳು.

ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮೆಟ್ಟಿಲು ಹತ್ತಿ ಮನೆ ಸೇರಿ, ಕತ್ತಲೆ ಕೋಣೆಯಲ್ಲಿ ಟಾರ್ಚು ಹಿಡಿದು ಕ್ಯಾಸೆಟ್ಟನ್ನು ನೋಡಿದ. ಚೀಟಿಯ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಒತ್ತಿದ. ಮತ್ತೆ ಎದ್ದಿತು. ಅಂಟು ಸತ್ತಿತ್ತು. ಎಂದಿನಿಂದ ಹೀಗೆ ಅರೆಗಣ್ಣು ತೆರೆದುಕೊಂಡಿದೆಯೋ ಅವನಿಗೆ ತಿಳಿಯದು. ದಿನವೂ ನೋಡಿದ್ದ, ಡಬ್ಬಿಯಲ್ಲಿ ಇದೆಯೆಂದು ಮಾತ್ರ ನೋಡಿದ್ದ. ಬೆಳಕು ತಾಗದಿದ್ದರೂ ಇಂಥ ಚಿಪ್ಪುಗಳು ವಯಸ್ಸಾದಂತೆ ತಾವಾಗಿಯೇ ಮರೆಯುತ್ತವೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದನ್ನು ಮೂಲೆಗೆ ತಳ್ಳಿ ಇಷ್ಟು ವರ್ಷ ಕಾವಲು ಕೂತಿದ್ದ.

ಬಣ್ಣದಂಗಡಿಯಲ್ಲಿ ನಡೆದದ್ದನ್ನು ಅವನು ಹೇಳಿದಾಗ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಕೊಂಡ್ಕೊಳ್ಳೋರು ಅದನ್ನ ಏನ್ಮಾಡ್ತಾರೆ?"

"ಕಬ್ಬಿಣದ ಪೆಟ್ಟಿಗೇಲಿ ಇಡ್ತಾರೆ."

"ನೀವು ಮರದ ಕಪಾಟಲ್ಲಿ ಇಟ್ರಿ, ಅವರು ಕಬ್ಬಿಣದ್ದರಲ್ಲಿ. ಅಷ್ಟೇನಾ ವ್ಯತ್ಯಾಸ?"

ಅವನು ಚೀಟಿಯ ಮೂಲೆಯನ್ನು ಮತ್ತೊಮ್ಮೆ ಒತ್ತಿದ.

"ನಾನು ಬೆಳಕಿಗೆ ಪರದೆ ಹಾಕ್ಕೊಂಡು ಅಡುಗೆಮನೆ ಪಕ್ಕ ಕೂತು ಕಣ್ಣು ಹಾಳು ಮಾಡ್ಕೊಂಡೆ. ಒಳಗೇನಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮನೆ ಬೇಕು ನನಗೆ, ಇಲ್ಲ ಅನ್ನಲ್ಲ. ಏನು ಮಾಡ್ತೀರೋ ನೀವೇ ಹೇಳಿ. ನಾಳೆ ನನ್ನ ತಲೆ ಮೇಲೆ ಹಾಕ್ಬೇಡಿ."

ಅವನು ಹಾಸಿಗೆಯ ಅಂಚಿಗೆ ಕೂತು ಮಂಡಿಯನ್ನು ತಿಕ್ಕಿಕೊಂಡ. "ಕಾದು ಸಾಕಾಗಿದೆ ಕಣೇ," ಎಂದ. "ಆಯಮ್ಮನ್ನ ಕರೀತೀನಿ."

ಅವಳು ಮೂಗು ಮುರಿಯಲಿಲ್ಲ, ಹೊಗಳಲೂ ಇಲ್ಲ. ಆದರೆ ಆ ರಾತ್ರಿ ಅವಳ ಅಳತೆಪಟ್ಟಿ ಕೊರಳಿನಿಂದ ಇಳಿದು ಮೊಳೆಗೆ ಹೋಯಿತು.

ಭಾನುವಾರ ಮಧ್ಯಾಹ್ನ ಬಣ್ಣದಂಗಡಿಯವಳು ಏದುಸಿರು ಬಿಡುತ್ತಾ ಮೇಲೆ ಬಂದಳು. "ಲಿಫ್ಟ್ ರಿಪೇರಿಯವರ ಮನೆಗೆ ಲಿಫ್ಟೇ ಇಲ್ವಲ್ರೀ," ಎಂದಳು. "ಇದ್ದಿದ್ರೆ ಮನೆಗೆ ಬಂದ್ಮೇಲೂ ರಿಪೇರಿನೇ ಮಾಡ್ತಿದ್ರು," ಎಂದು ಹೆಂಡತಿ ನೀರಿನ ಲೋಟ ಕೊಟ್ಟಳು.

ಅವನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕ್ಯಾಸೆಟ್ಟಿನ ಹಲ್ಲುಗಳನ್ನು ಒರೆಸಿದ. ಮೊದಲು ಟಿವಿಗಲ್ಲ, ಚಿಪ್ಪನ್ನು ಓದಿ ನಕಲಿಳಿಸುವ ಪುಟ್ಟ ಯಂತ್ರಕ್ಕೆ ಸಿಕ್ಕಿಸಿದ. ಮೊದಲನೆಯ ಸಲ ಓದಿದ್ದಕ್ಕೂ ಎರಡನೆಯ ಸಲ ಓದಿದ್ದಕ್ಕೂ ತಾಳೆಯಾಗಲಿಲ್ಲ. ಮೂರನೆಯದು ಇನ್ನೊಂದೇ. ಚಿಪ್ಪು ದಣಿದಿತ್ತು. ಅವನು ಗಾಬರಿಯಾಗಲಿಲ್ಲ. ವಯಸ್ಸಾದವರ ಬಳಿ ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಿ, ಎಲ್ಲ ಸಲವೂ ಒಂದೇ ಆಗಿ ಬಂದ ಮಾತನ್ನು ನಿಜವೆಂದು ಹಿಡಿಯುತ್ತೇವಲ್ಲ, ಹಾಗೆ ಮಾಡಿದ. ಓದಿಸಿದ, ಹೋಲಿಸಿದ, ಮತ್ತೆ ಓದಿಸಿದ. ಇಬ್ಬರು ಹೆಂಗಸರು ಅಷ್ಟರಲ್ಲಿ ಸೊಂಟನೋವಿನ ಮಾತೆಲ್ಲ ಮುಗಿಸಿ ತೂಕಡಿಸತೊಡಗಿದ್ದರು. ಹೊತ್ತು ಇಳಿಯುವಾಗ ಅವನು ಆ ನಕಲನ್ನು ಟಿವಿಗೆ ಹಾಕಿದ.

ಪರದೆಯ ತುಂಬ ಕಸ. ಆಕಾಶದಲ್ಲಿ ಇಟ್ಟಿಗೆ, ನೆಲದಲ್ಲಿ ಅರ್ಧರ್ಧ ಅಕ್ಷರ. ಹೆಂಡತಿ "ಅಯ್ಯೋ" ಎಂದಳು. ಆ ಕಸದ ನಡುವೆ, ಎಡಗಡೆಯಿಂದ, ಹೆಬ್ಬೆಟ್ಟಿನಷ್ಟು ಮನುಷ್ಯನೊಬ್ಬ ಬಂದ. ಎಡಗಾಲು ನೆಟ್ಟಗೆ ಬಿತ್ತು. ಬಲಗಾಲು ಒಂದು ಕ್ಷಣ ತಡೆದು, ಎಳೆದುಕೊಂಡು ಬಿತ್ತು.

ಮನುಷ್ಯ ಬಲದ ಅಂಚಿಗೆ ಹೋಗಿ ನಿಂತ.

"ವಾಪಸ್ ನಡೆಸಿ," ಎಂದಳು ಬಣ್ಣದಂಗಡಿಯ ಅಕ್ಕ.

ಅವನು ನಡೆಸಿದ. ಮತ್ತೆ ನಡೆಸಿದ. ಅವಳು ಅಳಲಿಲ್ಲ. ಮಡಿಲಲ್ಲಿ ಎರಡು ಬೆರಳುಗಳಿಂದ ಆ ಹೆಜ್ಜೆಯ ತಾಳವನ್ನು ಹಾಕುತ್ತಿದ್ದಳು. ಒಂದು ಬೆರಳು ಬೇಗ, ಇನ್ನೊಂದು ತಡ.

ಆಮೇಲೆ ಮುಂದೆ ಆಡಿದರು. ಮೊದಲನೆಯ ಬಾಗಿಲು, ಎರಡನೆಯ ಬಾಗಿಲು. ಮೂರನೆಯದನ್ನು ತೆರೆದ ಕೂಡಲೇ ಎಲ್ಲವೂ ನಿಂತಿತು.

"ಇದೂ ಹಾಳಾಗಿದೆ," ಎಂದು ಅವನು ಕೈ ಚೆಲ್ಲಿದ.

"ಹಾಳೇನಿಲ್ಲ. ಇಷ್ಟೇ ಮಾಡಿದ್ದು. ಅವತ್ತು ಊಟಕ್ಕೆ ಎದ್ದು ಹೋಗಿ ಬರೋ ಅಷ್ಟ್ರಲ್ಲಿ ಆಫೀಸಿಗೆ ಬೀಗ."

ಹೆಂಡತಿ ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡಳು. "ಇಷ್ಟು ವರ್ಷ ಇದಕ್ಕೆ ಕಾವಲಾ?" ಅವನೂ ನಕ್ಕ.

ಮರುದಿನ ಕೊಳ್ಳುವವನಿಗೆ ತಾನೇ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಕಡೆಯಿಂದ ಫೋನು ಕಟ್ಟಾಯಿತು. ನಕಲನ್ನು ಬೇಕೆಂದವರಿಗೆಲ್ಲ ಹಂಚಿದ. ಸಂಗ್ರಹಕಾರರಲ್ಲಿ ಕೆಲವರು ಮಾತು ಬಿಟ್ಟರು. ನೆಲಮಹಡಿಯ ಮನೆಗೆ ಬೇರೆ ಯಾರೋ ಬಂದರು. ಹೆಂಡತಿ ಅವರ ಮನೆಗೂ ಪರದೆ ಹೊಲಿದುಕೊಟ್ಟಳು. ಅಳತೆ ತೆಗೆಯಲು ಹೋದ ದಿನ ಮಾತ್ರ ಬಂದು ಸುಮ್ಮನೆ ಮಲಗಿಬಿಟ್ಟಳು. ಅವನು ಅಂದು ತಾನೇ ಅಡುಗೆ ಮಾಡಿದ. ವರ್ಷ ತುಂಬುವುದರೊಳಗೆ ಚಿಪ್ಪು ಪೂರ್ತಿ ಬರಿದಾಯಿತು. ಎಷ್ಟು ಸಲ ಓದಿಸಿದರೂ ಏನೂ ಇಲ್ಲ.

ಈಗ ಬೆಳಕಿನ ಕೋಣೆಯಲ್ಲಿ ಪರದೆಯಿಲ್ಲ. ಮಿಷನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಬಂದಿದೆ. ಬರಿದಾದ ಕ್ಯಾಸೆಟ್ಟು ಬಟ್ಟೆ ಹಾರದಂತೆ ಒತ್ತಿಡಲು ಅವಳಿಗೆ ಬಳಕೆಯಾಗುತ್ತದೆ. ಬಣ್ಣದಂಗಡಿಯವಳು ಆಗಾಗ ಬರುತ್ತಾಳೆ. ಬಂದರೆ ಟಿವಿ ಹಾಕಿಸಿಕೊಂಡು, ನಕಲಿನೊಳಗಿನ ತಮ್ಮನನ್ನು ಆ ಕಡೆಯಿಂದ ಈ ಕಡೆಗೆ ಎರಡು ಸಲ ನಡೆಸಿಕೊಂಡು, ಟೀ ಕುಡಿದು ಹೋಗುತ್ತಾಳೆ.

ಅವನು ಹೊಸದಾಗಿ ಏನನ್ನೂ ಕೊಳ್ಳುವುದಿಲ್ಲ. ಮರೆಯುತ್ತಿರುವ ಚಿಪ್ಪುಗಳನ್ನು ಓದಬಲ್ಲನೆಂಬ ಸುದ್ದಿ ಹರಡಿ, ಮಾತು ಬಿಟ್ಟವರೂ ಈಗ ತಮ್ಮ ಕಪಾಟಿನಲ್ಲಿದ್ದುದನ್ನು ಅಂಚೆಯಲ್ಲಿ ಕಳಿಸುತ್ತಾರೆ. ದಿನವಿಡೀ ಲಿಫ್ಟುಗಳ ಹೊಂಡದಲ್ಲಿ ಬಗ್ಗಿ ಎದ್ದು, ಸಂಜೆ ಕೂತು ಅವನ್ನು ಓದಿಸುತ್ತಾನೆ. ಕೆಲವು ಉಳಿಯುತ್ತವೆ, ಕೆಲವು ತಡವಾಗಿ ಬಂದಿರುತ್ತವೆ.

ಎರಡನೆಯ ಮಹಡಿಯ ತಿರುವಿನಲ್ಲಿ ಹೆಂಡತಿ ಅವನಿಗಾಗಿ ಒಂದು ಕುರ್ಚಿ ಹಾಕಿಸಿದ್ದಾಳೆ. ಸಂಜೆ ಆ ಹೊತ್ತಿಗೆ ಹೋದವರಿಗೆ ಅವನು ಅಲ್ಲೇ ಸಿಗುತ್ತಾನೆ, ಮಡಿಲಲ್ಲೊಂದು ಪೊಟ್ಟಣ, ಕಾಲು ನೀಡಿಕೊಂಡು. ಮೇಲಿನಿಂದ ಮಿಷನ್ನಿನ ಸದ್ದು ನಿಲ್ಲುತ್ತದೆ.

"ಬಂದ್ರಾ?"

"ಬಂದೆ. ಅರ್ಧ."

"ಮತ್ತೊಂದು ತಂದ್ರಾ?"

"ಹೂಂ. ಚೀಟಿನೇ ಇಲ್ಲ ಪಾಪ, ಹಾಗೇ ಕಳಿಸಿಬಿಟ್ಟಿದ್ದಾರೆ," ಎಂದು ಅವನು ಪೊಟ್ಟಣದ ಮೇಲೆ ಅಂಗೈ ಮುಚ್ಚಿ, ಇನ್ನೊಂದು ಕೈಯಿಂದ ಗೋಡೆ ಹಿಡಿದು ಏಳುತ್ತಾನೆ.