ಕೌಂಟರಿನಲ್ಲೇ ಬಿಟ್ಟು ಬರುವ ತಾಳ್ಮೆ

ನನ್ನಷ್ಟು ತಾಳ್ಮೆಯ ಮನುಷ್ಯ ಮಣಿಪಾಲದಲ್ಲಿ ಇನ್ನೊಬ್ಬನಿಲ್ಲ. ಇದು ನನ್ನ ಮಾತಲ್ಲ, ನಮ್ಮ ಆಸ್ಪತ್ರೆಗೆ ಬಂದು ಹೋದವರ ಮಾತು. ಅಲ್ಲಿ ವಿಚಾರಣೆಯ ಕೌಂಟರಿನಲ್ಲಿ ಕೂತು ದಾರಿ ಹೇಳುವುದು ನನ್ನ ಉದ್ಯೋಗ. ಗದಗಿನ ಕಡೆಯ ಅಜ್ಜನೊಬ್ಬ ‘ಎಕ್ಸರೇ ಎಲ್ಲೈತ್ರಿ’ ಎಂದು ಕೇಳಿ, ನಾನು ತೋರಿಸಿದ ದಿಕ್ಕಿಗೆ ಸರಿಯಾಗಿ ಉಲ್ಟಾ ನಡೆದು, ತಿರುಗಿ ಬಂದು ಅದನ್ನೇ ಕೇಳಿದರೂ ನಾನು ಮುಖ ಸಿಂಡರಿಸುವವನಲ್ಲ. ಇಷ್ಟೆಲ್ಲ ಹೊಗಳಿಕೊಂಡ ಮೇಲೆ ಮುಂದಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಆ ತಾಳ್ಮೆಯನ್ನು ನಾನು ಸಂಜೆ ಕಾಪುವಿನ ಮನೆಗೆ ತರುವುದಿಲ್ಲ.

ಮನೆಯಲ್ಲಿ ಮಗಳು ಅನ್ವಿತಾ ಇದ್ದಾಳೆ, ಮೂರನೇ ಕ್ಲಾಸು. ಅವಳಿಗೂ ನನಗೂ ನಡುವೆ ಈಗ ಕಳೆಯುವ ಲೆಕ್ಕ ಬಂದು ಕೂತಿದೆ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದಿಂದ ಹತ್ತು ತರಬೇಕು ಎಂದು ಮೊದಲ ಸಲ ಬೆಲ್ಲದ ದನಿಯಲ್ಲಿ ಹೇಳುತ್ತೇನೆ. ಅವಳು ಏಳರಲ್ಲೇ ಎರಡನ್ನು ಕಳೆದು ಮೂವತ್ತೈದು ಎಂದು ಬರೆಯುತ್ತಾಳೆ. ಎರಡನೆಯ ಸಲ ಬೆಲ್ಲ ಕರಗಿರುತ್ತದೆ. ಮತ್ತೂ ಮೂವತ್ತೈದು ಬಂದರೆ ‘ನಿಕ್ಕ್ ಮಂಡೆ ಇಜ್ಜಾ’ ಎಂದು ಅವಳಿಗೆ ತಲೆಯೇ ಇಲ್ಲವೆಂದು ಸಾರಿಬಿಡುತ್ತೇನೆ. ನಮ್ಮಲ್ಲಿ ಪಾಠ ಕನ್ನಡದಲ್ಲಿ, ಸಿಟ್ಟು ತುಳುವಿನಲ್ಲಿ. ಅಡುಗೆಮನೆಯಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದ ಹೆಂಡತಿ ಸುಜಾತ ಕೈ ತೊಳೆದುಕೊಂಡು ಬಂದು ಮಗಳನ್ನು ಒಳಗೆ ಕರೆದುಕೊಂಡು ಹೋಗುತ್ತಾಳೆ. ನಾನು ಆ ಲೆಕ್ಕವನ್ನು ಸರಿಯಾಗಿ ಮಾಡಿ ಒಬ್ಬನೇ ಕೂತಿರುತ್ತೇನೆ.

ಶಸ್ತ್ರವೈದ್ಯರು ಸ್ವಂತ ಮನೆಯವರಿಗೆ ಕತ್ತರಿ ಹಾಕಲು ಒಪ್ಪುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಮಾತಿದೆ. ಕೈ ನಡುಗುತ್ತದಂತೆ. ಹಿಂದಿನ ರಾಜರು ಮಕ್ಕಳನ್ನು ಕಾಡಿನ ಗುರುಕುಲಕ್ಕೆ ಕಳುಹಿಸುತ್ತಿದ್ದುದೂ ಶಿಸ್ತು ಕಲಿಯಲಿ ಎಂದಲ್ಲ ಎಂಬುದು ನನ್ನ ಸಂಶೋಧನೆ. ರಾಜ ಒಂದು ಸಂಜೆ ತಾನೇ ಮಗ್ಗಿ ಹೇಳಿಕೊಡಲು ಕೂತಿರಬೇಕು, ಅರಮನೆ ಹಾರಿಹೋಗುವಂತೆ ಕೂಗಿರಬೇಕು; ಮರುದಿನವೇ ರಾಣಿ ಹುಡುಗನ ಗಂಟುಮೂಟೆ ಕಟ್ಟಿಸಿರಬೇಕು. ಆದರೆ ಹೀಗೆ ರಾಜರನ್ನೆಲ್ಲ ನನ್ನ ಪಕ್ಕದಲ್ಲಿ ಕೂರಿಸಿಕೊಂಡರೂ ಮನಸ್ಸಿಗೆ ಸಮಾಧಾನವಿಲ್ಲ. ಮೊದಲು ನನ್ನ ಮೊಣಕಾಲಿಗೆ ಒರಗಿ ಓದುತ್ತಿದ್ದವಳು ಈಗ ಮೇಜಿನ ಆ ತುದಿಗೆ ಕೂರುತ್ತಾಳೆ. ನಾನು ಕೈ ಎತ್ತಿದವನಲ್ಲ. ಆದರೂ ನನ್ನ ಕೈಗೆ ಎಟುಕದಷ್ಟು ದೂರ ನೋಡಿಯೇ ಕೂರುತ್ತಾಳೆ. ಲೆಕ್ಕ ಇಂದಲ್ಲ ನಾಳೆ ಬಂದೀತು, ಈ ಮಗು ನನ್ನಿಂದ ದೂರ ಸರಿಯುತ್ತಿದೆಯಲ್ಲ ಎಂಬುದೇ ನನ್ನ ಹೆದರಿಕೆ.

ಕಳೆದ ವಾರ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ‘ನಮ್ಮದು ಸ್ವಲ್ಪ ಮಂದ ಟೀಚರ್, ನೀವೇ ನೋಡಿಕೊಳ್ಳಬೇಕು’ ಎಂಬ ಮಾತನ್ನು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಹೋದೆ. ಬೇಗ ತಲುಪಿದ್ದರಿಂದ ತರಗತಿಯ ಬಾಗಿಲಲ್ಲೇ ನಿಂತೆ. ಒಳಗೆ ಅನ್ವಿತಾ ತನ್ನ ಗೆಳತಿ ಭಾಗ್ಯಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಕಟ್ಟಡದ ಕೆಲಸಕ್ಕೆಂದು ಬಾಗಲಕೋಟೆಯಿಂದ ಬಂದವರ ಮಗಳು ಭಾಗ್ಯ. ಇಬ್ಬರ ಮುಂದೆ ಹತ್ತು ಹತ್ತರಂತೆ ರಬ್ಬರ್ ಹಾಕಿದ ತೆಂಗಿನ ಕಡ್ಡಿಯ ಕಟ್ಟುಗಳೂ ಎರಡು ಬಿಡಿ ಕಡ್ಡಿಗಳೂ ಇದ್ದವು. ಲೆಕ್ಕ ಅದೇ, ಐವತ್ತೆರಡರಲ್ಲಿ ಇಪ್ಪತ್ತೇಳು.

“ನಂಗ ತಿಳೀವಲ್ದು,” ಎಂದಳು ಭಾಗ್ಯ.

“ಅದಕ್ಕೆ ಎಂತ ಬೇಜಾರು ಮಾರಾಯ್ತಿ? ಎರಡೇ ಕಡ್ಡಿ ಉಂಟು, ಏಳು ಕೊಡ್ಲಿಕ್ಕೆ ಸಾಲುದಿಲ್ಲ. ಒಂದು ಕಟ್ಟು ಬಿಚ್ಚುವ,” ಎಂದು ನನ್ನ ಮಗಳು ರಬ್ಬರ್ ತೆಗೆದಳು. ಭಾಗ್ಯ ತಪ್ಪಿದಾಗ ಕಡ್ಡಿಗಳನ್ನೆಲ್ಲ ಒಟ್ಟು ಮಾಡಿ ಮೊದಲಿನಿಂದ ಶುರು ಮಾಡಿದಳು. ಇಪ್ಪತ್ತೈದು ಉಳಿಯಿತು.

ಅಷ್ಟರಲ್ಲಿ ಟೀಚರ್ ನನ್ನನ್ನು ಕಂಡು ಒಳಗೆ ಕರೆದರು. “ಎಷ್ಟು ಉಳಿಯಿತು ಅಂತ ಪಪ್ಪನಿಗೆ ಹೇಳು, ಅನ್ವಿತಾ.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಕಡ್ಡಿಗಳು ಇನ್ನೂ ಎದುರಿಗೇ ಇದ್ದವು. “ಮೂವತ್ತೈದು,” ಎಂದಳು.

ನನ್ನ ಜೀವ ಇಷ್ಟೇ ಇಷ್ಟಾಯಿತು.

ಟೀಚರ್ ದನಿ ತಗ್ಗಿಸಿದರು. “ಇಲ್ಲಿ ಅವಳಿಗೆ ಎಲ್ಲ ಬರ್ತದೆ. ಮನೆಯಿಂದ ಮಾಡಿಕೊಂಡು ಬಂದದ್ದು ಮಾತ್ರ ತಪ್ಪಿರ್ತದೆ. ಮನೆಯಲ್ಲಿ ಅವಳಿಗೆ ಯಾರು ಹೇಳಿಕೊಡುವುದು?”

“ಅವಳ ಅಮ್ಮ,” ಎಂದೆ.

ಹೇಗೆ ಬಂತೋ ಆ ಮಾತು, ಈಗ ನೆನೆದರೂ ಮುಖ ಬಿಸಿಯಾಗುತ್ತದೆ. ಅನ್ವಿತಾ ಪಕ್ಕದಲ್ಲೇ ಇದ್ದಳು. ನನ್ನನ್ನೊಮ್ಮೆ ನೋಡಿ ಕಡ್ಡಿಗಳಿಗೆ ರಬ್ಬರ್ ಹಾಕತೊಡಗಿದಳು.

“ಅವರಿಗೆ ಸ್ವಲ್ಪ ಹೇಳಿ. ಗದರಿದರೆ ಮಕ್ಕಳಿಗೆ ಗೊತ್ತಿದ್ದದ್ದೂ ಮರೆತು ಹೋಗ್ತದೆ,” ಎಂದರು ಟೀಚರ್.

“ಹೇಳ್ತೇನೆ ಟೀಚರ್,” ಎಂದು ತಲೆಯಾಡಿಸಿದೆ. ಕೌಂಟರಿನಲ್ಲಿ ಕೂತು ಕಲಿತ ವಿನಯ, ಇಂಥ ಹೊತ್ತಿನಲ್ಲಿ ಕೈ ಬಿಡುವುದಿಲ್ಲ.

ಮನೆಗೆ ಬರುವಾಗ ಅವಳು ಸ್ಕೂಟರಿನ ಹಿಂದೆ ಕೂತಿದ್ದಳು. ರೈಲ್ವೆ ಗೇಟಾಗಲಿ ಸಿಗ್ನಲ್ಲಾಗಲಿ ಇಲ್ಲದ ದಾರಿ. ನಿಂತು ಉಸಿರು ಬಿಡಲೂ ಒಂದು ನೆವ ಸಿಗಲಿಲ್ಲ. ಮನೆಯ ತಿರುವು ಬಂದಾಗ ಬೆನ್ನ ಹಿಂದಿನಿಂದ ಕೇಳಿದಳು.

“ಪಪ್ಪ, ನಿಮಗೆ ಟೀಚರನ್ನು ಕಂಡರೆ ಹೆದರಿಕೆಯಾ?”

“ಯಾಕೆ ಮಗಾ?”

“ಸರಿ ಉತ್ತರ ಗೊತ್ತಿದ್ದೂ ತಪ್ಪು ಹೇಳಿದ್ರಲ್ಲ.”

ಸ್ಕೂಟರ್ ನಿಲ್ಲಿಸಿದೆ. ತಿರುಗಿ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. “ಹೌದು,” ಎಂದೆ, “ತುಂಬಾ ಹೆದರಿಕೆ ಆಯಿತು.”

 ಅವಳು ಹಿಂದಿನಿಂದ ಎರಡೂ ಕೈಯಲ್ಲಿ ನನ್ನ ಹೊಟ್ಟೆಯನ್ನು ತಬ್ಬಿ ಹಿಡಿದು ಹೇಳಿದಳು:

“ಅಡ್ಡಿಲ್ಲ ಪಪ್ಪ. ನನಗೂ ಹಾಗೇ ಆಗ್ತದೆ.”